ಚಂದಮ್ಮನವರ ಇಪ್ಪತ್ತೇಳು ಉಸಿರು

ಎರಡನೆಯ ಮಹಾಯುದ್ಧ ಶುರುವಾದ ವರ್ಷದ ಮಾರ್ಗಶಿರ, ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಹೊಸನಗರದ ಆ ಮನೆಯ ಪಡಸಾಲೆಯಲ್ಲಿದ್ದವರು ಮೂವರು: ಚಂದಮ್ಮನವರು, ಅವರ ಸೊಸೆ ಸುನಂದಾ, ನಾನು. ಚಂದಮ್ಮನವರು ಗೋಡೆಗೆ ಒರಗಿ ಬೆರಳಿನ ಗೆಣ್ಣಿನ ಮೇಲೆ ಉಸಿರು ಎಣಿಸುತ್ತಿದ್ದರು. ಐದಕ್ಕೆ ಕೆಮ್ಮು ಬಂತು. ಮತ್ತೆ ಒಂದರಿಂದ ಶುರುಮಾಡಿದರು. ಈ ಸಲ ನಾಲ್ಕಕ್ಕೇ ನಿಂತಿತು.

ಉಸಿರನ್ನು ಅವರಷ್ಟು ಹದವಾಗಿ ಇಟ್ಟುಕೊಂಡವರನ್ನು ನಾನು ಬೇರೆ ಕಂಡಿಲ್ಲ. ಅವರದು ಜೈನರ ಮನೆ. ದಿನಕ್ಕೆ ಎರಡು ಹೊತ್ತು ಅಲುಗಾಡದೆ ಕುಳಿತು ಒಂಬತ್ತು ಸಲ ಮಂತ್ರ, ಒಂದೊಂದಕ್ಕೆ ಮೂರು ಉಸಿರು, ಒಟ್ಟು ಇಪ್ಪತ್ತೇಳು. ಅದೇ ಅವರ ಅಳತೆಗೋಲೂ ಆಗಿತ್ತು. ಹಾಲು ಉಕ್ಕಲು ಎಷ್ಟು ಉಸಿರು, ಬಾವಿಯಿಂದ ಕೊಡ ಮೇಲೆ ಬರಲು ಎಷ್ಟು ಉಸಿರು, ಎಲ್ಲ ಬಲ್ಲರು. ನಾನು ಜೇಬಿನಿಂದ ಗಡಿಯಾರ ತೆಗೆದರೆ ನಗುತ್ತಿದ್ದರು.

"ಅದಕ್ಕೆ ಕೀಲಿ ಕೊಡೋದು ಮರೆತ್ರೆ ನಿಂತುಹೋಗ್ತದೆ ಮೇಷ್ಟ್ರೇ. ನಂದು ಹಾಗಲ್ಲ."

ಸಾಗರದಲ್ಲಿ ಹೆಂಡತಿಯನ್ನು ಚೊಚ್ಚಲ ಹೆರಿಗೆಯಲ್ಲಿ ಕಳೆದುಕೊಂಡು ವರ್ಗ ಮಾಡಿಸಿಕೊಂಡು ಬಂದ ಲೆಕ್ಕದ ಮೇಷ್ಟರು ನಾನು. ಆಗ ಅವರ ಹೊರಕೋಣೆಯಲ್ಲಿದ್ದೆ, ಊಟವೂ ಅಲ್ಲೇ. ಹೊತ್ತು ಮುಳುಗುವ ಮೊದಲೇ ಆ ಮನೆಯಲ್ಲಿ ಊಟ ಮುಗಿಯುತ್ತಿತ್ತು. ಆಮೇಲೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಆ ಮುಸ್ಸಂಜೆಯಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಈಗಲೇ ಸಾಯುತ್ತೇನೆ ಅನ್ನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ. ಒಂದು ದಿನ ಊಟದ ಎಲೆ ಎತ್ತಲು ಎದ್ದವನು ಕಂಬ ಹಿಡಿದು ನಿಂತದ್ದನ್ನು ಅವರು ಕಂಡರು.

"ಬನ್ನಿ, ಇಲ್ಲಿ ಕೂತ್ಕಳಿ. ಮಂತ್ರ ನಿಮ್ಮ ದೇವ್ರದ್ದೇ ಹೇಳ್ಕಳಿ. ಉಸಿರು ಎಳೀಬೇಡಿ, ನೂಕ್ಬೇಡಿ. ಬಂದದ್ದನ್ನ ನೋಡಿ, ಹೋದದ್ದನ್ನ ಎಣಿಸಿ."

ನಾನು ಶಿಸ್ತಿನವನು. ಮರುದಿನ ಗಡಿಯಾರ ಎದುರಿಗಿಟ್ಟು, ಒಂದು ಉಸಿರಿಗೆ ಇಷ್ಟೇ ಸೆಕೆಂಡು ಎಂದು ಗೊತ್ತುಮಾಡಿ ಕುಳಿತೆ. ಹನ್ನೆರಡನೆಯ ಉಸಿರಿಗೆ ತಲೆ ತಿರುಗಿ ಕಂಬಕ್ಕೆ ಹಣೆ ಬಡಿಯಿತು. ಚಂದಮ್ಮನವರು ಸೆರಗು ಬಾಯಿಗೆ ಹಿಡಿದು ನಕ್ಕರು.

"ಉಸಿರಿಗೂ ಹಾಜರಿ ತಗೊಂಡ್ರಾ? ಅದೇನು ನಿಮ್ಮ ಸ್ಕೂಲಿನ ಹುಡುಗನೇನ್ರೀ, ಬೆತ್ತಕ್ಕೆ ಹೆದರೋಕೆ?"

ಕಲಿಯಲು ಒಂದು ಮಳೆಗಾಲ ಹಿಡಿಯಿತು. ಸಂಜೆಗಳು ಖಾಲಿಯಾಗಿಯೇ ಉಳಿದವು. ಆದರೆ ನಾನು ಅವುಗಳಲ್ಲಿ ಕುಳಿತಿರಬಲ್ಲವನಾದೆ. ಮೂರು ವರ್ಷದ ಮೇಲೆ ತೀರ್ಥಹಳ್ಳಿಗೆ ವರ್ಗವಾಯಿತು. ಅತ್ತೆಗೆ ಉಬ್ಬಸ ಜೋರಾಗಿದೆ ಎಂದು ಸುನಂದಾ ಕಾಗದ ಬರೆದದ್ದರಿಂದ ಆ ಭಾನುವಾರ ಅಲ್ಲಿದ್ದೆ.

"ನಿನ್ನೆಯಿಂದ ಇಪ್ಪತ್ತೇಳು ಪೂರ್ತಿ ಆಗ್ತಿಲ್ಲ," ಎಂದಳು ಸುನಂದಾ. "ಅದು ಮುಗೀದೆ ಒಂದು ತೊಟ್ಟು ನೀರೂ ಬೇಡ, ಕಷಾಯನೂ ಬೇಡ ಅಂತಾರೆ. ನೀವಾದ್ರೂ ಹೇಳಿ."

ಚಂದಮ್ಮನವರು ನನ್ನ ಕೈ ಹಿಡಿದುಕೊಂಡರು. ತುಟಿ ಒಣಗಿ ಬಿರಿದಿತ್ತು.

"ಹೆದರಿಕೆ ಆಗ್ತದೆ ಮೇಷ್ಟ್ರೇ. ಈ ಮುದುಕಿಗೆ ಎಲ್ಲ ಗೊತ್ತು ಅಂತ ಜನ ತಿಳ್ಕಂಡಿದಾರೆ."

"ನಾನು ಎಣಿಸ್ತೀನಿ. ನೀವು ಕಣ್ಣು ಮುಚ್ಕೊಂಡು ಉಸಿರಾಡಿ, ಸಾಕು," ಎಂದೆ.

ಯಾವ ಹುಡುಗನಿಗೂ ಅರ್ಧ ಅಂಕ ಹೆಚ್ಚಿಗೆ ಕೊಟ್ಟವನಲ್ಲ ನಾನು. ಅಂದು ಅವರ ಆರು ಕೆಮ್ಮನ್ನೂ ಉಸಿರೆಂದೇ ಎಣಿಸಿದೆ. ಎಂಟಾದ ಮೇಲೆ ಹನ್ನೊಂದು ಅಂದೆ, ಹದಿನಾಲ್ಕಾದ ಮೇಲೆ ಇಪ್ಪತ್ತು. ಇಪ್ಪತ್ತೇಳು ಎಂದಾಗ ಅವರು ಕಣ್ಣು ತೆರೆದರು.

"ಇಷ್ಟು ಬೇಗ?"

"ಆಯ್ತಮ್ಮ."

ನನ್ನನ್ನೇ ನೋಡಿದರು. "ಸುಳ್ಳಿನ ಪಾಪ ನಿಮ್ಗೇ ಇರ್ಲಿ," ಎಂದರು. ಆಮೇಲೆ, "ಸುನಂದಾ, ನೀರು ಕೊಡೇ."

ಒಂದು ಲೋಟ ನೀರು ಕುಡಿದರು, ಕಷಾಯ ಕುಡಿದರು, ಒರಗಿದಲ್ಲೇ ನಿದ್ದೆ ಹೋದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಬುಧವಾರ ತೀರಿಕೊಂಡರೆಂದು ಶುಕ್ರವಾರ ಕಾಗದ ಬಂತು.

ಆ ಭಾನುವಾರ ಇದೊಂದೂ ತಿಳಿದಿರಲಿಲ್ಲ. ಮಧ್ಯಾಹ್ನದ ಮೋಟಾರಿಗೆ ಹೊರಟು ಸಂಜೆ ಐದಕ್ಕೆ ತೀರ್ಥಹಳ್ಳಿಯ ಕೋಣೆಯ ಬೀಗ ತೆಗೆದೆ. ಬಟ್ಟೆ ಒಗೆದು ಹರವಿದೆ. ಮರುದಿನದ ಪಾಠ ಬರೆದಿಟ್ಟೆ. ಬೆಳಿಗ್ಗೆ ನಾನು ಹಾರಿಸಿದ್ದು, ಕೆಮ್ಮೂ ಸೇರಿ, ಹದಿಮೂರು. ಚಾಪೆ ಹಾಸಿ ಕುಳಿತು ಆ ಹದಿಮೂರನ್ನು ಒಂದೊಂದಾಗಿ ಎಣಿಸಿ ಮುಗಿಸಿದೆ.