ನಮ್ಮ ಬಳಗಕ್ಕಾಗದ ಸೂಜಿ

ಕೆಲವು ವರ್ಷಗಳ ಹಿಂದೆ ಶಹಾಪುರದಲ್ಲಿ ನನ್ನ ಪಿತ್ತಕೋಶದ ಆಪರೇಷನ್ ಮುಗಿದಾಗ ನನಗೆ ಎಚ್ಚರವಾಗಿತ್ತು. ಆದರೆ ಕಣ್ಣು ತೆರೆಯಲಾಗಲಿಲ್ಲ, ಬೆರಳು ಎತ್ತಲಾಗಲಿಲ್ಲ. ಉಸಿರನ್ನೂ ಮಶೀನೇ ಆಡಿಸುತ್ತಿತ್ತು. "ಇನ್ನೂ ಕೈಕಾಲು ಆಡಸವಲ್ಲಳು" ಎಂದು ಯಾರೋ ಅನ್ನುವುದು ಕೇಳುತ್ತಿತ್ತು. ನಾನು ಸತ್ತೇ ಹೋಗಿದ್ದೇನೆ ಅಂದುಕೊಂಡೆ. ಸಂಜೆಯ ಹೊತ್ತಿಗೆ ಮೈ ನನ್ನ ಮಾತು ಕೇಳಿತು. ಅರಿವಳಿಕೆ ಡಾಕ್ಟರು ಬಂದು ಬಿಡಿಸಿ ಹೇಳಿದರು: ಗಂಟಲಿಗೆ ನಳಿಕೆ ಇಳಿಸುವ ಮುಂಚೆ ಸ್ನಾಯು ಸಡಿಲಿಸುವ ಸೂಜಿ ಕೊಡುತ್ತಾರೆ, ಬೇರೆಯವರ ರಕ್ತ ಅದನ್ನು ಬೇಗ ಕರಗಿಸುತ್ತದೆ, ನನ್ನದು ಕರಗಿಸುವುದಿಲ್ಲ. ಇದು ರಕ್ತಸಂಬಂಧದಲ್ಲಿ ಬರುವಂಥದ್ದು, ಬಳಗಕ್ಕೆಲ್ಲ ತಿಳಿಸಿರಿ.

ಮನೆಗೆ ಬಂದು ತಿಳಿಸಿದೆ. ಅವ್ವ ಬೆಚ್ಚಲಿಲ್ಲ.

"ನಿಮ್ಮ ಚಿಗವ್ವಗೂ ಹಂಗ ಆಗಿತ್ತು. ಹೊರಗ ಆಡಬ್ಯಾಡ, ಮನ್ಯಾಗ ಮದುವಿಗೆ ಬಂದ ಹೆಣ್ಣುಮಕ್ಕಳದಾರ."

ಅಂದರೆ ಗೊತ್ತಿತ್ತು. ತಂಗಿಗೆ ಆದದ್ದು ಗೊತ್ತಿದ್ದೂ ಮಗಳನ್ನು ಆ ಟೇಬಲ್ ಮೇಲೆ ಮಲಗಿಸಿದ್ದಳು. ನಮ್ಮದು ಅಂಗಡಿ ಮನೆತನ. ಸುರಪುರ, ಶಹಾಪುರ, ಯಾದಗಿರಿ ದಾಟಿ, ಬಳಗ ದಾಟಿ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಅದೇ ರಕ್ತವನ್ನು ಮತ್ತೆ ಮತ್ತೆ ಕೂಡಿಸುವವರೂ ಇವರೇ, ಅದರ ಮಾತೆತ್ತಿದರೆ ಮಾನ ಹೋಗುತ್ತದೆ ಅನ್ನುವವರೂ ಇವರೇ. ಇವರ ಮಾನಕ್ಕೆ ಬೆಂಕಿ ಬೀಳಲಿ.

ಹೋದ ವರ್ಷ ಮಗಳಿಗೆ ಅಪೆಂಡಿಕ್ಸ್ ಆಯಿತು. ಯಾದಗಿರಿಯ ಆಸ್ಪತ್ರೆಗೆ ಓಡಿದೆವು. ಸುರಪುರದ ಬೀಗರೂ ಬಂದು ಕುಳಿತರು. ಅವರ ಮಗನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಅರಿವಳಿಕೆ ಕೊಡುವ ಡಾಕ್ಟರಮ್ಮ ಕೇಳಿದರು:

"ಆಪರೇಷನ್ ಟೈಮಿನ್ಯಾಗ ಮನ್ಯಾಗ ಯಾರಿಗರ ತ್ರಾಸ ಆಗಿತ್ತೇನ್ರಿ?"

ನನ್ನ ಅಣ್ಣ ಮುಂದೆ ಬಿದ್ದ. "ಇಲ್ರಿ, ಯಾರಿಗೂ ಇಲ್ಲ."

"ಸುಳ್ಳು ಹೇಳಾಕತ್ತಾನ್ರಿ. ನನಗ ಆಗ್ಯದ, ಸ್ನಾಯು ಸಡಿಲಿಸೋ ಸೂಜಿ ಕರಗಲೇ ಇಲ್ಲ. ನಮ್ಮ ಚಿಗವ್ವಗ ಆಗ್ಯದ."

ಇಡೀ ವರಾಂಡಕ್ಕೆ ಕೇಳುವಂತೆ ಹೇಳಿದೆ. ಅಣ್ಣ ರಟ್ಟೆ ಹಿಡಿದ, ಕೊಡವಿಕೊಂಡೆ.

ಡಾಕ್ಟರಮ್ಮ ತಣ್ಣಗೆ ಅಂದರು, "ಹೇಳಿದ್ದು ಚಲೋ ಆತು. ಆ ಔಷಧ ಕೊಡಂಗಿಲ್ಲ. ಬ್ಯಾರೆ ಅದ, ಅದರ ಅಮಲು ಇಳಿಸೋ ಔಷಧನೂ ಈಗ ಬಂದದ."

ಎಲ್ಲೋ ಕುಳಿತವರು ನಮಗಾಗಿ ಔಷಧದ ಮೇಲೆ ಔಷಧ ಕಂಡುಹಿಡಿದಿದ್ದಾರೆ. ನಮ್ಮವರಿಗೆ ಒಂದು ಮಾತು ಆಡಲು ಬಾಯಿಲ್ಲ.

ಆಪರೇಷನ್ ಮುಗಿಯಿತು. ಮಗಳು ಕಣ್ಣು ಬಿಟ್ಟು, "ಅವ್ವಾ, ನೀರು" ಎಂದಳು. ಅದನ್ನು ಕೇಳಿಯೇ ನಾನು ಹೊರಗೆ ಬಂದೆ. ಬೀಗಿತ್ತಿ ಪಕ್ಕಕ್ಕೆ ಬಂದು, ಅತ್ತಿತ್ತ ನೋಡಿ, ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟಿದರು:

"ನಮ್ಮ ನಾದಿನಿ ಹಿಂಗೇ ಆಪರೇಷನ್‌ಗೆ ಮಲಗಿದಾಕಿ ಏಳಲೇ ಇಲ್ರಿ. ಯಾರ ಮುಂದೂ ಹೇಳಿಲ್ಲ."

ಅವರ ಮಗ ಆಚೆ ಬೆಂಚಿನ ಮೇಲೆ ಕುಳಿತಿದ್ದ. ಸತ್ತವಳು ಅವನ ಸ್ವಂತ ಸೋದರತ್ತೆ.

"ಜೋರಿಲೆ ಹೇಳ್ರಿ" ಎಂದೆ. "ನಿಮ್ಮ ಮಗನಿಗೂ ಕೇಳಲಿ."