ಕುಕ್ಕುಂದೂರಿನ ರೋಸಿಗೆ ಮೋಡ ನೋಡಲು ಹೋದದ್ದು

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಕಾಪುವಿನಿಂದ ಹೊರಟೆ. ಹೋಗಬೇಕಾದದ್ದು ಕಾರ್ಕಳದ ಪಕ್ಕದ ಕುಕ್ಕುಂದೂರಿಗೆ, ಮೊಂಗಿನ್ ಬಾಯಮ್ಮನ ಮನೆಗೆ. ವರ್ಷಗಟ್ಟಲೆ ಬುಟ್ಟಿ ಹೊತ್ತು ಆ ಮನೆಗೆ ಮೀನು ಕೊಟ್ಟವಳು ನಾನು. ಬಂಗುಡೆಯ ಕಿವಿರು ಬಿಡಿಸಿ ನೋಡದೆ ಬಾಯಮ್ಮ ಒಂದು ದಿನವೂ ತೆಗೆದುಕೊಂಡವರಲ್ಲ. ಈಗ ಅವರ ಮೊಮ್ಮಗಳು ರೀಮಾಳಿಗೆ ಮದುವೆ. ಶನಿವಾರ ಸಂಜೆ ಅಂಗಳದಲ್ಲಿ ರೋಸ್, ಎಂದರೆ ಮದುವೆಗೆ ಮೊದಲು ಹುಡುಗಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ.

ಸೊಂಟದ ಮೂಳೆ ಮುರಿದು ಮಲಗಿರುವ ಬಾಯಮ್ಮನ ಮಂಚ ಜಗಲಿಯವರೆಗೆ ಬರುತ್ತದೆ, ಅದರಾಚೆ ಇಲ್ಲ. ಮಳೆ ಬಂದರೆ ರೋಸ್ ಪೇಟೆಯ ಸಭಾಭವನಕ್ಕೆ ಹೋಗುತ್ತದೆ. ಬಾಯಮ್ಮ ಮನೆಯಲ್ಲೇ ಉಳಿಯುತ್ತಾರೆ. ಅವರ ಮಗ ಲಾರೆನ್ಸ್ ನನಗೆ ಫೋನ್ ಮಾಡಿದ್ದು ಅದಕ್ಕೇ. "ಸುಶೀಲಕ್ಕ, ಒಂದು ದಿನ ಮೊದಲೇ ಬನ್ನಿ. ನೀವು ಕಡಲಿನ ಬದಿಯವರು, ಆಕಾಶ ನೋಡಿ ಹೇಳ್ಬಹುದು ಅಲ್ವಾ?"

ಇಷ್ಟು ದೊಡ್ಡ ಮರ್ಯಾದೆಯನ್ನು ಬೇಡ ಎನ್ನುವುದು ಹೇಗೆ? ಹೊರಡುವ ಮುಂಚೆ ದೀಪಸ್ತಂಭದ ಬಳಿ ನಿಂತು ಪಡುವಣಕ್ಕೆ ನೋಡಿದೆ. ಬಹಳ ಎತ್ತರದಲ್ಲಿ ಬಾಚಿದ ನರೆಗೂದಲಿನಂತೆ ತೆಳುವಾದ ಬಿಳಿ ಎಳೆಗಳು. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಹಿಮಕಣ ಮೋಡ ಎಂದಿತ್ತು. ಅದು ಮಳೆ ಸುರಿಸುವ ಜಾತಿಯಲ್ಲ. ಕಡಲೂ ಸುಮ್ಮನಿತ್ತು. "ಮಳೆ ಇಲ್ಲ, ಧೈರ್ಯವಾಗಿರಿ" ಎಂದು ಲಾರೆನ್ಸಿಗೆ ಫೋನಿನಲ್ಲೇ ಹೇಳಿ ಬಸ್ ಹತ್ತಿದೆ.

ಉಡುಪಿ ಸೇರಲು ಅರ್ಧ ಗಂಟೆ. ರೀಮಾಳಿಗೆಂದು ತೆಗೆದ ಸೀರೆಯ ರವಕೆ ಅಲ್ಲಿಯ ದರ್ಜಿಯ ಹತ್ತಿರವಿತ್ತು. ಇಲ್ಲದಿದ್ದರೆ ಶಿರ್ವದ ಮೇಲಿನ ಹತ್ತಿರದ ದಾರಿಯಲ್ಲೇ ಹೋಗುತ್ತಿದ್ದೆ. ಬನ್ಸ್ ತಿಂದು ಚಾ ಕುಡಿಯುವಷ್ಟರಲ್ಲಿ ಬೆವರಿ ಕುಪ್ಪಸ ಬೆನ್ನಿಗೆ ಅಂಟಿತು. ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಚೀಲ ನೋಡಿ ಕೇಳಿದ:

"ಅಕ್ಕಾ, ಒಳಗೆ ಮೀನು ಉಂಟಾ?"

"ಸೀರೆ ಮಾರಾಯ. ಬೇಕಾದ್ರೆ ಮೂಸಿ ನೋಡು."

ಬಸ್ಸಿಡೀ ನಕ್ಕಿತು. ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಮಣಿಪಾಲದ ಏರು ಹತ್ತಿ, ವಿದ್ಯಾರ್ಥಿಗಳನ್ನು ಇಳಿಸಿ, ಬಸ್ಸು ಪರ್ಕಳದ ಕಡೆಗೆ ಇಳಿಯುವಾಗ ಮೊದಲ ಸಲ ಮೂಡಣ ದಿಕ್ಕು ಪೂರ್ತಿ ಕಂಡಿತು. ಘಟ್ಟದ ಮೇಲೆ ಹತ್ತಿ ಸುರಿದಂತೆ ರಾಶಿ ಮೋಡಗಳು, ತಳ ಮಾತ್ರ ತಟ್ಟೆಯ ಹಾಗೆ ಸಪಾಟು. ಹಿರಿಯಡ್ಕ ದಾಟುವಷ್ಟರಲ್ಲಿ ಅವು ಇನ್ನಷ್ಟು ಎತ್ತರವಾಗಿದ್ದವು. ಬೆಳಿಗ್ಗೆ ನಾನು ನೋಡಿದ್ದೇ ತಪ್ಪು ದಿಕ್ಕು. ಜೂನಿನ ಮಳೆ ಕಡಲಿನಿಂದ ಬರುತ್ತದೆಂದು ನಾವು ಕಾಪುವಿನವರು ಯಾವಾಗಲೂ ಪಡುವಣಕ್ಕೇ ಮುಖ ಮಾಡಿ ನಿಲ್ಲುವವರು. ಮೇ ತಿಂಗಳ ಗುಡುಗುಮಳೆ ಘಟ್ಟದಿಂದ, ನಮ್ಮ ಬೆನ್ನ ಹಿಂದಿನಿಂದ ಬರುವುದು.

ಜೋಡುರಸ್ತೆಯಲ್ಲಿ ಇಳಿದು ಮನೆ ಮುಟ್ಟಿ, ಊಟ ಮಾಡಿ ಸ್ವಲ್ಪ ಅಡ್ಡಾದೆ. ನಾಲ್ಕು ಗಂಟೆಯ ಮೇಲೆ ಒಂದು ಮೋಡದ ತಲೆ ಕಮ್ಮಾರನ ಅಡಿಗಲ್ಲಿನಂತೆ ಅಗಲವಾಗಿ ಹರಡಿತು, ಹೊಟ್ಟೆ ಕಪ್ಪಾಯಿತು. ಗುಡುಗಿತು, ಸುರಿಯಿತು. ತೆಂಗಿನ ಮಡಲಿನ ಚಪ್ಪರ ಜರಡಿಯಂತೆ ಸೋರಿತು.

"ಮಳೆ ಇಲ್ಲ ಅಂದ್ರಲ್ಲ ಸುಶೀಲಕ್ಕ?" ಎಂದ ಲಾರೆನ್ಸ್.

ಜಗಲಿಯ ಮಂಚದಿಂದ ಬಾಯಮ್ಮ ಕೂಗಿದರು: "ಬಂಗುಡೆ ಈಗಷ್ಟೇ ದೋಣಿಯಿಂದ ಇಳಿದದ್ದು ಅಂತ ಆಣೆ ಹಾಕ್ತಿದ್ದದ್ದೂ ಹೀಗೇ!"

ನಗುತ್ತಲೇ ಹೇಳಿದರು. ಆದರೆ ಲಾರೆನ್ಸ್ ಸಭಾಭವನದವರಿಗೆ ಫೋನ್ ಮಾಡಲು ಎದ್ದು ಒಳಗೆ ಹೋದಾಗ ಬಾಯಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದರು.

ರೀಮಾ ಮೊಬೈಲ್ ಹಿಡಿದು ಅಜ್ಜಿಯ ಪಕ್ಕ ಕುಳಿತಳು. ವಾರವಿಡೀ ಒಂದೇ ಚಿತ್ರ: ಮೋಡದ ಹಿಂದೆ ಅರ್ಧ ಸೂರ್ಯ, ಕೆಳಗೊಂದು ಮಿಂಚು. "ನಾಳೆಯೂ ಮಳೆಯೇ ಅಜ್ಜೀ" ಎಂದಳು.

"ನಾಳೆ ಅಂದ್ರೆ ಎಷ್ಟು ಹೊತ್ತಿಗೆ? ಬೆಳಿಗ್ಗೆಗೆ ಎಂತ ತೋರಿಸ್ತದೆ ಅದು?" ಬಾಯಮ್ಮ ಈ ಕಡೆ ತಿರುಗಿದರು.

ಹುಡುಗಿ ಬೆರಳಿಟ್ಟಳು. ಶನಿವಾರದ ಗಂಟೆಗಳು ಒಂದೊಂದಾಗಿ ತೆರೆದುಕೊಂಡವು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಬಿಳಿ ಮೋಡ, ಮಿಂಚು ಸಂಜೆಗೇ.

"ಮತ್ತೆಂತ! ರೋಸ್ ಬೆಳಿಗ್ಗೆಯೇ ಮಾಡುವ."

"ಮಾಯ್, ರೋಸ್ ಸಂಜೆ ಅಲ್ವಾ ಮಾಡೋದು?" ಒಳಗಿನಿಂದ ಲಾರೆನ್ಸ್ ತಾಯಿಯನ್ನು ಕೇಳಿದ.

"ತೆಂಗಿನಕಾಯಿಗೆ ಬೆಳಿಗ್ಗೆ ಹಾಲು ಬರುವುದಿಲ್ವಾ ಮಾರಾಯ?"

ಕತ್ತಲಾಗುವ ತನಕ ನೆಂಟರಿಗೆ ಫೋನ್ ಹೋಯಿತು. ನಿಟ್ಟೆಯ ಒಬ್ಬ ಅತ್ತೆ, ಇಷ್ಟು ಬೇಗ ಸೀರೆ ಉಟ್ಟು ಬರುವುದು ಹೇಗೆ ಎಂದು ಗೊಣಗಿದರಂತೆ. ಮರುದಿನ ಎಲ್ಲರಿಗಿಂತ ಮೊದಲು ಬಂದವರೂ ಅವರೇ.

ಶನಿವಾರದ ಆಕಾಶ ತೊಳೆದಿಟ್ಟ ಹಾಗಿತ್ತು. ಹೆಂಗಸರು ಹಾಡುತ್ತಾ ಕಾಯಿ ತುರಿದು ಹಾಲು ಹಿಂಡಿದರು. ರೀಮಾಳನ್ನು ಮಂಚಕ್ಕೆ ತಾಗಿಕೊಂಡೇ, ಜಗಲಿಯ ಕೆಳಗೆ ಅಂಗಳದಲ್ಲಿ ಕೂರಿಸಿದರು. ದಿಂಬಿಗೆ ಒರಗಿ, ಹೆಬ್ಬೆರಳನ್ನು ಹಾಲಿನಲ್ಲಿ ಅದ್ದಿ, ಬಾಯಮ್ಮ ಮೊಮ್ಮಗಳ ಹಣೆಗೆ ಶಿಲುಬೆ ಬರೆದರು. ಆಮೇಲೆ ಯಾರೂ ಹೇಳದೆ ಇಡೀ ಬಟ್ಟಲನ್ನು ಎತ್ತಿ ಅವಳ ತಲೆಗೆ ಸುರಿದರು. ಹುಡುಗಿ ಕಿರುಚಿದಳು, ಅಂಗಳ ನಕ್ಕಿತು. ನನ್ನ ಸರದಿ ಬಂದಾಗ ನಾನೂ ಹಚ್ಚಿದೆ.

ಮೂರು ಗಂಟೆಗೆ ಮೂಡಣದಲ್ಲಿ ಮತ್ತೆ ಹತ್ತಿಯ ರಾಶಿ ಎದ್ದಿತು. ಚಪ್ಪರದಡಿಯ ಬೆಂಚುಗಳನ್ನು ಒಳಗಿಡಲು ಕೈಜೋಡಿಸಿ, ಸೋಮವಾರ ಮದುವೆಗೆ ಬರುತ್ತೇನೆಂದು ಹೇಳಿ ಬಸ್ಸಿಗೆ ಓಡಿದೆ. ಬೈಲೂರಿನ ಹತ್ತಿರ ಕಿಟಕಿಯಿಂದ ತಿರುಗಿ ನೋಡಿದರೆ ಕುಕ್ಕುಂದೂರಿನ ಮೇಲೆ ಬೂದುಬಣ್ಣದ ಪರದೆ ಇಳಿದಿತ್ತು. ಅಷ್ಟರಲ್ಲಿ ರೀಮಾಳ ಫೋನ್.

"ಸುಶೀಲಕ್ಕ, ಇಲ್ಲಿ ಹೊಯ್ತಾ ಉಂಟು! ನಿಲ್ಲಿ, ಅಜ್ಜಿಗೆ ಮಾತಾಡ್ಬೇಕಂತೆ."

ಮಳೆಯ ಸದ್ದಿಗಿಂತ ಜೋರಾಗಿ ಬಾಯಮ್ಮನ ದನಿ ಬಂತು: "ಬರಲಿ ಮಾರಾಯ್ತಿ, ಈಗ ಎಷ್ಟು ಬೇಕಾದರೂ ಬರಲಿ!"