ಮುಳ್ಳಣ್ಣನ ಮನೆಯ ಗಾಜಿನ ಬುರುಡೆಗಳು

ಗಡಿಯಾರ ರಿಪೇರಿ ಮಾಡುವವನಿಗೆ ಬೀದಿಯವರು ಮುಳ್ಳಣ್ಣ ಎಂದು ಹೆಸರಿಟ್ಟಿದ್ದರು. ದಿನವಿಡೀ ಗಡಿಯಾರದ ಮುಳ್ಳುಗಳ ಜೊತೆ ಏಗುತ್ತಾನೆ ಎಂಬುದು ಒಂದು ಕಾರಣ. ಮಾತು ಕಡಿಮೆ, ಆಡಿದರೂ ಚುಚ್ಚುವ ಹಾಗೆ ಆಡುತ್ತಾನೆ ಎಂಬುದು ಇನ್ನೊಂದು. ಎರಡನೆಯದು ಶುದ್ಧ ಸುಳ್ಳು. ಅವನಿಗೆ ಚುಚ್ಚಲು ಬರುತ್ತಿರಲಿಲ್ಲ, ನಾಚಿಕೆ ಮಾತ್ರ ಬರುತ್ತಿತ್ತು. ಗಿರಾಕಿ ಎದುರು ನಿಂತರೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿಬಿಡುತ್ತಿದ್ದ. ಗಿರಾಕಿ ಹೋದ ಮೇಲೆಯೇ ತಲೆ ಏಳುತ್ತಿದ್ದದ್ದು.

ಅಂಗಡಿ ಎಂದರೆ ದರ್ಜಿ ಅಂಗಡಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವೆ ಉಳಿದುಹೋದ ಒಂದು ಸಂದು. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು. ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ತನಗೆ ತೋಚಿದ ಗಂಟೆ ತೋರಿಸುತ್ತಿತ್ತು. "ನಿನ್ನ ಅಂಗಡೀಲಿ ಗಂಟೆ ಎಷ್ಟು ಅಂತ ಕೇಳಿದೋರ್ನ ದರ್ಜಿ ಹತ್ರ ಕಳಿಸ್ತೀಯಲ್ಲೋ, ಮಾನ ಹೋಗುತ್ತೆ" ಎಂದು ಅವನ ಅಮ್ಮ ಆಡಿಕೊಳ್ಳುತ್ತಿದ್ದಳು. ಮಗನ ವಯಸ್ಸು ನಲವತ್ತು ದಾಟಿತ್ತು. ಹೆಣ್ಣು ಹುಡುಕಿ ಹುಡುಕಿ ಅವಳು ಕೈಚೆಲ್ಲಿ ಕೂತಿದ್ದಳು. ನೋಡಲು ಹೋದ ಮನೆಯಲ್ಲೆಲ್ಲ ಇವನು ಹುಡುಗಿಯ ಮುಖ ಬಿಟ್ಟು ಗೋಡೆಯ ಗಡಿಯಾರ ನೋಡಿ, ಅದು ಎಷ್ಟು ನಿಮಿಷ ಹಿಂದಿದೆ ಎಂದು ಹೇಳಿ ಎದ್ದು ಬರುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಕಾಲೇಜಿನ ಉಪನ್ಯಾಸಕಿಯೊಬ್ಬಳು ಟವೆಲಿನಲ್ಲಿ ಏನನ್ನೋ ಸುತ್ತಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಅಂಗಡಿಯ ಮುಂದೆ ನಿಂತಳು. ಅವಳಿಗೂ ನಲವತ್ತರ ಹತ್ತಿರ. ಒಂಟಿ ಜೀವ. ಮೊದಲ ವರ್ಷದ ಮಕ್ಕಳಿಗೆ ಸೂಕ್ಷ್ಮಜೀವಿ ಶಾಸ್ತ್ರ ಕಲಿಸುವುದು ಅವಳ ಕೆಲಸ.

"ಇದನ್ನ ರಿಪೇರಿ ಮಾಡ್ತೀರಾ?" ಎಂದು ಕೇಳಿದಳು.

ಟವೆಲು ಬಿಚ್ಚಿದರೆ ಒಳಗೆ ಹಳೆಯ ಸೂಕ್ಷ್ಮದರ್ಶಕ. ಹಿತ್ತಾಳೆಯ ಕೊಳವೆ, ಕೆಳಗೊಂದು ಪುಟ್ಟ ಕನ್ನಡಿ, ಪಕ್ಕದಲ್ಲಿ ತಿರುಗಣೆ.

"ಇದು ಗಡಿಯಾರ ಅಲ್ವಲ್ಲ ಮೇಡಂ" ಎಂದ ಮುಳ್ಳಣ್ಣ, ತಲೆ ಎತ್ತದೆ.

"ಅಲ್ಲ. ಆದ್ರೆ ಹಲ್ಲಿನ ಚಕ್ರ ಇದೆ, ತಿರುಪು ಇದೆ. ಕೊಳವೆ ನಿಲ್ಲೋದೇ ಇಲ್ಲ, ತಾನಾಗೇ ಜಾರಿ ಬಂದು ಕೆಳಗಿನ ಗಾಜು ಒಡೆಯುತ್ತೆ. ಕಂಪನಿಯೋರು ಹೊಸದು ತಗೊಳ್ಳಿ ಅಂತಾರೆ, ಕಾಲೇಜಿನೋರು ಹಳೇದ್ರಲ್ಲೇ ಸುಧಾರಿಸಿ ಅಂತಾರೆ. ನಾನು ಯಾರ ಮಾತು ಕೇಳ್ಲಿ ಹೇಳಿ."

ಮುಳ್ಳಣ್ಣ ತಿರುಗಣೆಯನ್ನು ಬಿಚ್ಚಿದ. ಹಳೆಯ ಗ್ರೀಸು ಒಣಗಿ ಕಲ್ಲಾಗಿತ್ತು, ಬಿಗಿ ಹಿಡಿಯುವ ಬಳೆ ಸಡಿಲವಾಗಿತ್ತು. ಹಲ್ಲುಗಳನ್ನು ಒಂದೊಂದಾಗಿ ಒರೆಸಿ, ಹೊಸ ಗ್ರೀಸು ಸವರಿ, ಬಳೆ ಬಿಗಿದ. ಕೊಳವೆ ಹೇಳಿದಲ್ಲಿ ನಿಂತಿತು. ಸರಿಯಾಯಿತೋ ಇಲ್ಲವೋ ನೋಡಲು ಏನಾದರೂ ಇಡಬೇಕಲ್ಲ. ದರ್ಜಿಯ ಮೇಜಿನ ಮೇಲೆ ಬಾಡಿದ ಹೂಗಳ ಒಂದು ಹೂದಾನಿ ಇತ್ತು, ನೀರು ಬದಲಿಸದೆ ಎಷ್ಟು ಕಾಲವಾಗಿತ್ತೋ. ಉಪನ್ಯಾಸಕಿ ದರ್ಜಿಯನ್ನು ಕೇಳಿ ಅದರಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲಿಟ್ಟು, ಕನ್ನಡಿಯನ್ನು ಬೆಳಕಿಗೆ ತಿರುಗಿಸಿದಳು.

"ನೋಡಿ" ಎಂದಳು.

ಮುಳ್ಳಣ್ಣ ಕಣ್ಣಿಟ್ಟ. ಮೊದಲು ಬರೀ ಮಂಜು. ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದ. ಮಂಜು ಸರಿಯಿತು. ಚಪ್ಪಲಿಯ ಅಟ್ಟೆಯ ಆಕಾರದ ಏನೋ ಒಂದು ಸರಕ್ಕನೆ ಹಾದುಹೋಯಿತು. ಅದರ ಹಿಂದೆ ಇನ್ನೊಂದು. ಕೊಳೆತ ಕಾಂಡದ ಚೂರಿಗೆ ಮುಟ್ಟಿ, ಗಾಬರಿಬಿದ್ದಂತೆ ಹಿಂದೆ ಸರಿದು, ಬೇರೆ ದಾರಿ ಹಿಡಿಯಿತು. ಸಂತೆಯಲ್ಲಿ ತಪ್ಪಿಸಿಕೊಂಡವರ ಹಾಗೆ ಹತ್ತಾರು ಜೀವಗಳು ಅತ್ತಿಂದಿತ್ತ ಓಡಾಡುತ್ತಿದ್ದವು.

ಅವನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ತೆಗೆದಾಗ ಉಪನ್ಯಾಸಕಿಯ ಮುಖವನ್ನೇ ನೇರವಾಗಿ ನೋಡಿದ. ಗಿರಾಕಿಯೊಬ್ಬರ ಮುಖವನ್ನು ಅವನು ಹಾಗೆ ನೋಡಿದ್ದು ಅದೇ ಮೊದಲು ಎಂದು ದರ್ಜಿ ಆಮೇಲೆ ಬೀದಿಗೆಲ್ಲ ಸಾರಿದ.

"ಇವು ಬದುಕಿದಾವೆ" ಎಂದ.

"ಬದುಕಿದಾವೆ. ತಿಂತಾವೆ, ಬೆಳೀತಾವೆ, ಒಂದು ಎರಡಾಗ್ತಾವೆ. ಒಂದೊಂದಕ್ಕೂ ಒಂದೇ ಜೀವಕೋಶ, ಅದ್ರಲ್ಲೇ ಪೂರ್ತಿ ಸಂಸಾರ. ಇವು ಈ ಲೋಕದಲ್ಲಿ ಆನೆಗಳಿದ್ದ ಹಾಗೆ. ಬ್ಯಾಕ್ಟೀರಿಯಾ ಇನ್ನೂ ಚಿಕ್ಕವು. ಒಂದು ಮಿಲಿಮೀಟರಿನಲ್ಲಿ ಸಾವಿರ ಸಾಲಾಗಿ ನಿಲ್ಲಬಹುದು. ವೈರಸ್ಸಂತೂ ಈ ಯಂತ್ರಕ್ಕೆ ಕಾಣೋದೇ ಇಲ್ಲ."

ಗಡಿಯಾರದ ಒಳಗಿನ ಕೂದಲಿನಂಥ ಸುರುಳಿಗಿಂತ ನವಿರಾದದ್ದು ಜಗತ್ತಿನಲ್ಲಿಲ್ಲ ಎಂದು ಅವನು ಅಲ್ಲಿಯವರೆಗೆ ನಂಬಿದ್ದ. ಅಂದು ಮಧ್ಯಾಹ್ನ ಊಟಕ್ಕೆ ಹೋಗುವುದನ್ನೇ ಮರೆತ.

ಕಾಲೇಜಿನಲ್ಲಿ ಕೆಟ್ಟ ಸೂಕ್ಷ್ಮದರ್ಶಕಗಳು ಇನ್ನೂ ಹಲವಿದ್ದವು. ಆಟೋದಲ್ಲಿ ಹಾಕಿಕೊಂಡು ಎಲ್ಲವನ್ನೂ ಒಮ್ಮೆಗೇ ತರಬಹುದಿತ್ತು. ಉಪನ್ಯಾಸಕಿ ವಾರಕ್ಕೊಂದರಂತೆ ತಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಎಲ್ಲವನ್ನೂ ಒಟ್ಟಿಗೆ ತಂದುಬಿಟ್ಟಾಳು ಎಂಬ ಭಯ ಅವನಿಗೆ. ಅವನು ತಿರುಪು ಬಿಚ್ಚುತ್ತಿದ್ದರೆ ಅವಳು ಟೀ ಕುಡಿಯುತ್ತ ತರಗತಿಯಲ್ಲಿ ಹೇಳುವುದನ್ನೆಲ್ಲ ಇಲ್ಲಿ ಹೇಳುತ್ತಿದ್ದಳು. ಬ್ಯಾಕ್ಟೀರಿಯಾವನ್ನು ಮೊದಲು ಕಂಡವನು ಪಂಡಿತನಲ್ಲ, ಲೀವೆನ್‌ಹುಕ್ ಎಂಬ ಹಾಲೆಂಡಿನ ಬಟ್ಟೆ ವ್ಯಾಪಾರಿ ಎಂದು ತಿಳಿದಾಗ ಪಕ್ಕದ ದರ್ಜಿಯೂ ಹೊಲಿಗೆ ನಿಲ್ಲಿಸಿ ಕಿವಿಗೊಟ್ಟ. ಆ ವ್ಯಾಪಾರಿ ತಾನೇ ಉಜ್ಜಿ ಮಾಡಿದ ಕಡಲೆಗಿಂತ ಚಿಕ್ಕ ಮಸೂರದಲ್ಲಿ ಮುನ್ನೂರೈವತ್ತು ವರ್ಷದ ಹಿಂದೆ ಕೆರೆ ನೀರು, ಮಳೆ ನೀರು, ಕೊನೆಗೆ ತನ್ನ ಹಲ್ಲಿನ ಕೊಳೆಯನ್ನೂ ನೋಡಿ, ಅಲ್ಲಿ ಕುಣಿಯುವ ಪುಟಾಣಿ ಪ್ರಾಣಿಗಳಿವೆ ಎಂದು ಬರೆದಿದ್ದನಂತೆ.

"ಹಲ್ಲಿನ ಕೊಳೆಯಲ್ಲೂನಾ?" ಎಂದು ದರ್ಜಿ ಬಾಯಿ ಮುಚ್ಚಿಕೊಂಡ.

"ನಿಮ್ಮ ಬಾಯಲ್ಲಿ, ನನ್ನ ಬಾಯಲ್ಲಿ, ಹೊಟ್ಟೆಯಲ್ಲಿ, ಚರ್ಮದ ಮೇಲೆ. ಹೆಚ್ಚಿನವು ನಮ್ಮ ತಂಟೆಗೆ ಬರಲ್ಲ. ಎಷ್ಟೋ ನಮಗೆ ಉಪಕಾರನೇ ಮಾಡ್ತವೆ. ಕೆಲವು ಪುಂಡರು ಮಾಡೋ ಕಿತಾಪತಿಗೆ ಎಲ್ಲರಿಗೂ ಕೆಟ್ಟ ಹೆಸರು."

ಮಗ ಊಟಕ್ಕೆ ತಡಮಾಡುತ್ತಾನೆ, ಬಂದರೂ ಒಬ್ಬನೇ ನಗುತ್ತಾನೆ. ಅಮ್ಮನಿಗೆ ಅನುಮಾನ ಬಾರದೆ ಇದ್ದೀತೇ? ಒಂದು ದಿನ ತಟ್ಟೆಯ ಮುಂದೆ ಅವನು ಬಾಯಿಬಿಟ್ಟ. ಹಾಲು ಕೆಡುವುದು ತಾನಾಗಿ ಅಲ್ಲವಂತೆ, ಗಾಳಿಯ ದೂಳಿನಲ್ಲಿ, ಪಾತ್ರೆಯಲ್ಲಿ, ಕೈಯಲ್ಲಿ ಇರುವ ಜೀವಿಗಳು ಅದರೊಳಗೆ ಬಿದ್ದು ಬೆಳೆಯುವುದರಿಂದಂತೆ ಎಂದ.

"ಯಾರೋ ನಿಂಗೆ ಹೇಳಿದ್ದು?"

"ಕಾಲೇಜಿನ ಮೇಡಂ."

"ಓಹೋ, ಮೇಡಂ." ಅಮ್ಮ ಸೌಟು ಕೆಳಗಿಟ್ಟಳು. "ನಾನು ಹುಟ್ಟಿದಾಗಿನಿಂದ ಹಾಲು ಕಾಯಿಸ್ತಿದೀನಿ. ಕೆಡೋದು ಹಾಲಿನ ಗುಣ. ವಯಸ್ಸಾದ್ರೆ ಮನುಷ್ಯನ ತಲೆ ಕೆಡಲ್ವಾ, ಹಾಗೇ. ಕರ್ಕೊಂಡು ಬಾ ಆ ಮೇಡಮ್ಮನ್ನ, ಮಾತಾಡ್ತೀನಿ."

ಜಗಳಕ್ಕೆ ಕರೆದಳೋ, ಹೆಣ್ಣು ನೋಡಲು ಕರೆದಳೋ ಅವಳಿಗೇ ಗೊತ್ತು. ಉಪನ್ಯಾಸಕಿ ಮುಂದಿನ ಭಾನುವಾರ ಬಂದೇಬಿಟ್ಟಳು. ಕೈಯಲ್ಲಿ ಮೂರು ಗಾಜಿನ ಬುರುಡೆ. ಒಂದರ ಕತ್ತು ನೆಟ್ಟಗಿತ್ತು. ಉಳಿದೆರಡರ ಕತ್ತನ್ನು ಬೆಂಕಿಯಲ್ಲಿ ಕಾಯಿಸಿ, ಎಳೆದು, ಹಂಸದ ಕತ್ತಿನಂತೆ ಬಾಗಿಸಿದ್ದಳು. ಮೂರರಲ್ಲೂ ಸಕ್ಕರೆ ಮತ್ತು ಯೀಸ್ಟಿನ ತಿಳಿಸಾರು.

"ಪಾಶ್ಚರ್ ಅನ್ನೋರು ನೂರೈವತ್ತು ವರ್ಷಕ್ಕೂ ಹಿಂದೆ ಮಾಡಿದ ಪ್ರಯೋಗ ಅಮ್ಮ. ನಿಮ್ಮ ಕಣ್ಣೆದುರೇ ಮಾಡೋಣ ಅಂತ."

"ಬಾಯಿಗೆ ಬಿರಡೆ ಜಡಿದು ಕೆಡಲಿಲ್ಲ ನೋಡಿ ಅಂದ್ರೆ ನಾನು ಒಪ್ಪಲ್ಲ ಕಣಮ್ಮ. ಉಸಿರು ಕಟ್ಟಿಸಿದ್ರೆ ಯಾವುದು ತಾನೆ ಹುಟ್ಟುತ್ತೆ?"

ಉಪನ್ಯಾಸಕಿಯ ಮುಖ ಅರಳಿತು. "ಆಗಿನ ದೊಡ್ಡ ದೊಡ್ಡ ವಿದ್ವಾಂಸರೂ ಇದೇ ಮಾತು ಕೇಳಿದ್ರು. ಅದಕ್ಕೇ ಬಿರಡೆ ಇಲ್ಲ. ಕತ್ತು ಬಾಗಿದೆ ಅಷ್ಟೆ, ತುದಿ ತೆರೆದೇ ಇದೆ. ಗಾಳಿ ಹೋಗಿ ಬಂದು ಮಾಡುತ್ತೆ, ದೂಳು ಮಾತ್ರ ಬಾಗಿದ ಕಡೆ ಕೂತುಬಿಡುತ್ತೆ."

ಕೆಲವು ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜಾಣುಗಳಾಗಿ ಮುದುಡಿ ಕುದಿನೀರಿಗೂ ಬಗ್ಗದೆ ಉಳಿಯುತ್ತವೆ. ಹಾಗಾಗಿ ಕಾಲೇಜಿನ ದೊಡ್ಡ ಪ್ರೆಶರ್ ಕುಕ್ಕರಿನಂಥ ಪಾತ್ರೆಯಲ್ಲಿ ಬುರುಡೆಗಳನ್ನು ಮೊದಲೇ ಬೇಯಿಸಿ ತಂದಿರುವುದಾಗಿಯೂ ಹೇಳಿದಳು. ಅಮ್ಮನಿಗೆ ಅದರಿಂದ ಸಮಾಧಾನವಾಗಲಿಲ್ಲ. ತನ್ನ ಒಲೆಯ ಮೇಲೆ, ತನ್ನ ಬಾಣಲೆಯ ನೀರಿನಲ್ಲಿ ಮೂರನ್ನೂ ಇನ್ನೊಮ್ಮೆ ಕುದಿಸಿ, ಕತ್ತಿನ ತುದಿಯಿಂದ ಹಬೆ ಬರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಒಪ್ಪಿದ್ದು. ಬುರುಡೆಗಳು ಅಡುಗೆಮನೆಯ ಕಿಟಕಿಯ ಪಕ್ಕದ ಹಲಗೆ ಏರಿದವು.

ನೆಟ್ಟನೆಯ ಕತ್ತಿನದು ಕೆಲವೇ ದಿನದಲ್ಲಿ ಮಜ್ಜಿಗೆಯಂತೆ ಕದಡಿ, ಮೇಲೆ ಬೂಷ್ಟು ಕಟ್ಟಿ, ಮೂಗು ಮುಚ್ಚಿಕೊಳ್ಳುವಂತಾಯಿತು. ಬಾಗಿದ ಕತ್ತಿನವು ಎರಡೂ ಮೊದಲ ದಿನ ಇದ್ದ ಹಾಗೆಯೇ ತಿಳಿಯಾಗಿದ್ದವು. ಅಮ್ಮ ಬೆಳಿಗ್ಗೆ ಎದ್ದರೆ ಮೊದಲು ಅವನ್ನು ನೋಡುವಳು, ನೋಡಿ ಮುಖ ಸಿಂಡರಿಸುವಳು. ಪಕ್ಕದ ಮನೆಯವರನ್ನೂ ಕರೆದು ತೋರಿಸುವಳು. ಎರಡನೆಯ ವಾರವೂ ಕಳೆಯುತ್ತ ಬಂದಾಗ ಒಂದು ಮಧ್ಯಾಹ್ನ ಅಂಗಡಿಗೇ ಬಂದು ಗೆದ್ದ ದನಿಯಲ್ಲಿ ಕೂಗಿದಳು. "ಬಾಗಿದ್ದ್ರಲ್ಲೂ ಒಂದು ಕೆಟ್ಟಿದೆ ಕಣೋ, ಬಾ. ನಿನ್ನ ಮೇಡಂಗೆ ಫೋನ್ ಮಾಡು."

ಮುಳ್ಳಣ್ಣ ಬಿಚ್ಚಿದ ಗಡಿಯಾರವನ್ನು ಹಾಗೇ ಬಿಟ್ಟು ಎದ್ದ. ಪಾಶ್ಚರ್ ಸೋತರೆ ಅವನಿಗೇನೂ ನಷ್ಟವಿರಲಿಲ್ಲ. ಅವಳು ಇನ್ನು ಮನೆಗೆ ಬರುವುದಿಲ್ಲವೇನೋ ಎಂಬುದು ಅವನ ಚಿಂತೆ.

ಸಂಜೆ ಕಾಲೇಜು ಬಿಟ್ಟವಳೇ ಅವಳು ಓಡಿ ಬಂದಳು. ಬಾಗಿದ ಕತ್ತಿನ ಎರಡರಲ್ಲಿ ಒಂದು ನಿಜಕ್ಕೂ ಕದಡಿತ್ತು. ಇನ್ನೊಂದು ಸ್ವಚ್ಛವಾಗಿತ್ತು. ಅವಳು ಕದಡಿದ್ದನ್ನು ಬೆಳಕಿಗೆ ಹಿಡಿದು, ಬಾಗಿದ ಕಡೆ ನೋಡಿ, ಮೆಲ್ಲಗೆ ಕೇಳಿದಳು.

"ಅಮ್ಮ, ಇದನ್ನ ಯಾರಾದ್ರೂ ವಾಲಿಸಿದ್ರಾ?"

ಅಮ್ಮ ಸೆರಗಿನ ತುದಿ ತಿರುಚಿದಳು. "ವಾಲಿಸೋದು ಅಂದ್ರೆ... ಒಳಗೆ ಏನಾಗ್ತಿದೆ ಅಂತ ಮೂಸಿ ನೋಡ್ಬೇಡ್ವಾ? ಮೊನ್ನೆ ಮೂಗಿನ ಹತ್ರ ತಂದು ಒಂಚೂರು ಬಗ್ಗಿಸಿದೆ. ಸಾರು ಕತ್ತಿಗೆ ಬಂತು. ತಕ್ಷಣ ನೆಟ್ಟಗೆ ಮಾಡಿಬಿಟ್ಟೆ, ಒಳಗೇ ವಾಪಸ್ ಹೋಯ್ತು. ಒಂದು ತೊಟ್ಟೂ ಚೆಲ್ಲಲಿಲ್ಲ."

ಉಪನ್ಯಾಸಕಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಆ ಪಾಶ್ಚರ್ ಅವರೂ ಇದನ್ನೇ ಮಾಡಿದ್ದು ಅಮ್ಮ. ಬೇಕಂತಲೇ ವಾಲಿಸಿ, ಬಾಗಿದ ಕಡೆ ಕೂತಿದ್ದ ದೂಳಿಗೆ ಸಾರು ತಾಗಿಸಿದ್ರು. ಅಲ್ಲಿವರೆಗೂ ತಿಳಿಯಾಗಿದ್ದದ್ದು ಆಮೇಲೆ ಕದಡ್ತು. ಜೀವಿಗಳು ದೂಳಿನ ಜೊತೆ ಬರ್ತವೆ, ಸಾರಿನಲ್ಲಿ ತಾವಾಗಿ ಹುಟ್ಟಲ್ಲ ಅಂತ ತೋರಿಸಿದ್ದೇ ಹಾಗೆ. ನಾನು ಮುಂದಿನ ವಾರ ವಾಲಿಸಬೇಕು ಅಂತಿದ್ದೆ, ನೀವೇ ಮುಗಿಸಿಬಿಟ್ರಿ."

ಸೋತೆನೋ ಗೆದ್ದೆನೋ ಅಮ್ಮನಿಗೆ ತಕ್ಷಣ ತೀರ್ಮಾನವಾಗಲಿಲ್ಲ. ಆಮೇಲೆ ಮಗನ ಕಡೆ ತಿರುಗಿ ಗಂಭೀರವಾಗಿ ಹೇಳಿದಳು. "ನೋಡಿದ್ಯಾ, ನಾನು ವಾಲಿಸದೆ ಇದ್ದಿದ್ರೆ ಏನೂ ಗೊತ್ತಾಗ್ತಿರಲಿಲ್ಲ."

ಕದಡಿದ ಸಾರಿನ ಹನಿಯನ್ನು ಗಾಜಿನ ಮೇಲೆ ಒಣಗಿಸಿ, ಜ್ವಾಲೆಯ ಮೇಲೆ ಆಡಿಸಿ, ನೀಲಿ ಬಣ್ಣ ಹಚ್ಚಿ ತೊಳೆದು, ಉಪನ್ಯಾಸಕಿ ಅಂದೇ ಅಂಗಡಿಯಲ್ಲಿ ರಿಪೇರಿಯಾಗಿ ಕೂತಿದ್ದ ಸೂಕ್ಷ್ಮದರ್ಶಕ ತರಿಸಿ ತೋರಿಸಿದಳು. ಅಮ್ಮ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದಳು. ಕಡ್ಡಿಪೆಟ್ಟಿಗೆ ಬೋರಲು ಬಿದ್ದಂತೆ ಚೆಲ್ಲಾಡಿದ ನೀಲಿ ಕಡ್ಡಿಗಳು, ನಡುವೆ ಸಾಸಿವೆಯಂಥ ದುಂಡನೆಯವು. ಒಳ್ಳೆ ಬುರುಡೆಯಿಂದಲೂ ಒಂದು ಹನಿ ತೆಗೆದು ತೋರಿಸುತ್ತೇನೆ ಎಂದರೆ ಅಮ್ಮ ಅಡ್ಡ ನಿಂತಳು. "ಅದನ್ನ ಮುಟ್ಟಬೇಡಿ. ಎಷ್ಟು ವರ್ಷ ಹೀಗೇ ಇರುತ್ತೋ ನೋಡೋಣ."

ಅಲ್ಲಿಂದ ಮುಂದೆ ಅಮ್ಮನ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಕಾಯಿಸಿ ಆರಿಸಿದ ಹಾಲಿಗೆ ಚಮಚದಷ್ಟು ಹೆಪ್ಪು ಹಾಕಿದಾಗ ತಾನು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳನ್ನು ಕೆಲಸಕ್ಕಿಡುತ್ತೇನೆ ಎಂದು ತಿಳಿದು ಹಿಗ್ಗಿದಳು. ಸೂಕ್ಷ್ಮಜೀವಿ ಬೆಳೆಸುವ ತಟ್ಟೆಗೆ ಅಗರ್ ಎಂಬ ಕಡಲಪಾಚಿಯ ಅಂಟು ಹಾಕಬಹುದು ಎಂದು ಸೂಚಿಸಿದವಳು ಕಾಕ್ ಎಂಬ ವಿಜ್ಞಾನಿಯ ಸಹಾಯಕನ ಹೆಂಡತಿ, ಆಕೆ ಅದನ್ನು ಮೊದಲೇ ಅಡುಗೆಗೆ ಬಳಸುತ್ತಿದ್ದಳು ಎಂದು ಕೇಳಿದ ದಿನ ಬೀದಿಯ ಹೆಂಗಸರಿಗೆಲ್ಲ ಅದನ್ನು ಹೇಳಿ ಬಂದಳು.

ಕೊನೆಗೆ ಕಾಲೇಜಿನ ಸೂಕ್ಷ್ಮದರ್ಶಕಗಳೆಲ್ಲ ಸರಿಹೋದವು. ತರಲು ಇನ್ನೇನೂ ಉಳಿಯಲಿಲ್ಲ. ಆ ವಾರ ಉಪನ್ಯಾಸಕಿ ಬರಿಗೈಯಲ್ಲಿ ಅಂಗಡಿಗೆ ಬಂದು ನಿಂತಳು. ಮುಳ್ಳಣ್ಣ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದ.

"ಏನು ಕೆಟ್ಟಿದೆ ಮೇಡಂ?"

"ಏನೂ ಕೆಟ್ಟಿಲ್ಲ. ಸುಮ್ನೆ ಬಂದೆ."

ಅವನಿಗೆ ಕಿವಿಯವರೆಗೂ ಕೆಂಪೇರಿತು. ಮಾತಿಗಾಗಿ ಅಂಗಡಿಯೆಲ್ಲ ತಡಕಿದ. ಕೊನೆಗೆ ಹೊರಬಂದದ್ದು ಇಷ್ಟು. "ಹಾಗಿದ್ರೆ ಇನ್ಮೇಲೂ ಸುಮ್ನೆ ಬನ್ನಿ. ದಿನಾ ಬನ್ನಿ." ಪಕ್ಕದಲ್ಲಿ ದರ್ಜಿಯ ಹೊಲಿಗೆ ಯಂತ್ರ ಗಪ್ಪೆಂದು ನಿಂತಿತು.

ಮದುವೆ ಸರಳವಾಗಿ ನಡೆಯಿತು. ಕಚೇರಿಯಲ್ಲಿ ಸಹಿ ಹಾಕುವಾಗ ಮುಳ್ಳಣ್ಣನ ಕಣ್ಣು ಗೋಡೆಯ ಗಡಿಯಾರದ ಕಡೆ ಹೋದದ್ದುಂಟು, ಆದರೆ ಏನೂ ಹೇಳಲಿಲ್ಲ. ಅವನೀಗ ಬೇರೆ ಬೇರೆ ಕಾಲೇಜುಗಳ ಸೂಕ್ಷ್ಮದರ್ಶಕಗಳನ್ನೂ ರಿಪೇರಿ ಮಾಡುತ್ತಾನೆ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಅಮ್ಮ ಸೊಸೆಯ ತರಗತಿಗೆ ಹೋಗಿ, ಬುರುಡೆ ವಾಲಿಸಿದ ಕತೆಯನ್ನು ತಾನೇ ಹೇಳುತ್ತಾಳೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ಯಾರೂ ತಪ್ಪು ಬರೆಯುವುದಿಲ್ಲ.

ರಜೆ ಬಂದರೆ ಮೂವರೂ ಸೀಸೆ ಹಿಡಿದು ಕೆರೆಯ ಕಡೆ ಹೊರಡುತ್ತಾರೆ. ಹೋದ ಸಲ ದಂಡೆಯ ಮೇಲೆ ಕೂತು ಅತ್ತೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಿದ್ದಳು. ಒಂದು ಜೀವಿ ನಡುವೆ ಸಣ್ಣಗಾಗುತ್ತ, ಎರಡಾಗಿ ಬಿಡಿಸಿಕೊಳ್ಳುತ್ತಿತ್ತು.

"ಇದ್ರಲ್ಲಿ ತಾಯಿ ಯಾವುದು, ಮಗು ಯಾವುದು?" ಎಂದು ಕೇಳಿದಳು.

"ತಾಯೀನೂ ಇಲ್ಲ ಮಗೂನೂ ಇಲ್ಲ ಅತ್ತೆ. ಒಂದೇ ಎರಡಾಗುತ್ತೆ, ಎರಡೂ ಒಂದೇ ವಯಸ್ಸಿನವು."

"ಹಾಗಾದ್ರೆ ಅತ್ತೆ ಸೊಸೆ ಅನ್ನೋದೂ ಇರಲ್ಲ."

"ಇರಲ್ಲ."

ಅತ್ತೆ ಕಣ್ಣು ತೆಗೆಯದೆಯೇ ಲೊಚಗುಟ್ಟಿದಳು. "ಪಾಪ, ಹೊತ್ತು ಹೆಂಗೆ ಹೋಗುತ್ತೋ ಇವಕ್ಕೆ."